ನಾಲ್ಕು ಚೀಟಿ, ಒಬ್ಬ ದ್ರೋಹಿ

ಕಂಪ್ಯೂಟರ್ ಸೈನ್ಸ್ ಏಳನೇ ಸೆಮಿಸ್ಟರಿನ ಒಂದು ಮಧ್ಯಾಹ್ನ. ಊಟ ಮುಗಿಸಿ ಬಂದ ಕ್ಲಾಸು, ಅರ್ಧ ಜನಕ್ಕೆ ತೂಕಡಿಕೆ. ಮೇಡಂ ಅವತ್ತು ಬೋರ್ಡಿನ ಕಡೆ ತಿರುಗಲೇ ಇಲ್ಲ. ಹಾಜರಿ ಪುಸ್ತಕದೊಳಗಿಂದ ಮಡಚಿದ ಚೀಟಿಗಳನ್ನು ತೆಗೆದು ಮೂವರನ್ನು ಮುಂದೆ ಕರೆದರು. ಅವರಲ್ಲಿ ನಾನೂ ಒಬ್ಬಳು.

"ನೀವು ಒಂದು ಕೋಟೆಗೆ ಮುತ್ತಿಗೆ ಹಾಕಿದ್ದೀರಿ. ಒಬ್ಬರು ಸೇನಾಪತಿ, ಇಬ್ಬರು ದಳಪತಿಗಳು. ನುಗ್ಗಿದರೆ ಒಟ್ಟಿಗೆ ನುಗ್ಗಬೇಕು, ಇಲ್ಲಾಂದ್ರೆ ಒಟ್ಟಿಗೆ ವಾಪಸ್ ಹೋಗಬೇಕು. ಮಾತಿಲ್ಲ, ಚೀಟಿ ಮಾತ್ರ. ನಿಮ್ಮಲ್ಲೊಬ್ಬರು ದ್ರೋಹಿ ಇರಬಹುದು."

ಸೇನಾಪತಿಯಿಂದ ನನಗೆ ಬಂದ ಚೀಟಿಯಲ್ಲಿ "ದಾಳಿ" ಅಂತ ಇತ್ತು. ನಿನಗೇನು ಹೇಳಿದ್ದಾರೆ ಅಂತ ಇನ್ನೊಬ್ಬ ದಳಪತಿಗೆ ಬರೆದು ಕೇಳಿದೆ. "ವಾಪಸ್ ಹೋಗು ಅಂದಿದ್ದಾರೆ" ಎಂದು ಉತ್ತರ ಬಂತು. ಈಗ ಸುಳ್ಳು ಯಾರದು? ಸೇನಾಪತಿ ನಮ್ಮಿಬ್ಬರಿಗೆ ಎರಡು ಥರ ಬರೆದಿರಬಹುದು. ಅಥವಾ ನನ್ನ ಜೊತೆಗಾರನೇ ಸುಳ್ಳು ಹೇಳುತ್ತಿರಬಹುದು. ಎರಡರಲ್ಲಿ ಯಾವುದೇ ಆದರೂ ನನ್ನ ಕೈಗೆ ಬರುವುದು ಇದೇ ಎರಡು ಚೀಟಿ. ಎಷ್ಟು ಯೋಚಿಸಿದರೂ ದಾರಿ ಕಾಣಲಿಲ್ಲ. ಮೇಡಂ ಸುಮ್ನೆ ನೋಡುತ್ತಾ ನಿಂತಿದ್ದರು. ಆಮೇಲೆ, "ದಾರಿ ಇಲ್ಲ ಕಣಮ್ಮ. ಮೂರು ಜನ ಇದ್ದರೆ ಆಗೋದೇ ಇಲ್ಲ ಅಂತ ಸಾಬೀತು ಮಾಡಿದ್ದಾರೆ" ಅಂದರು.

ನಾಲ್ಕನೆಯವನನ್ನು ಕರೆದರು. ಈಗ ದಳಪತಿಗಳು ಮೂವರು. ತನಗೆ ಬಂದ ಆಜ್ಞೆಯನ್ನು ಪ್ರತಿಯೊಬ್ಬರೂ ಉಳಿದಿಬ್ಬರಿಗೆ ತಿಳಿಸಬೇಕು, ಕೊನೆಗೆ ಹೆಚ್ಚು ಮತ ಯಾವ ಕಡೆಗಿದೆಯೋ ಹಾಗೆ ನಡೆಯಬೇಕು. ದಳಪತಿಗಳಲ್ಲೊಬ್ಬ ಸುಳ್ಳು ಹೇಳಿದರೂ ನನ್ನ ಕೈಲಿ ಎರಡು "ದಾಳಿ", ಒಂದೇ "ವಾಪಸ್". ಸೇನಾಪತಿಯೇ ದ್ರೋಹಿಯಾಗಿ ಒಬ್ಬೊಬ್ಬರಿಗೆ ಒಂದೊಂದು ಬರೆದರೂ, ನಾವು ಮೂವರು ನಿಜ ಹೇಳಿಕೊಂಡರೆ ಮೂವರ ಕೈಲೂ ಅವೇ ಮೂರು ಉತ್ತರ ಇರುತ್ತವೆ, ತೀರ್ಮಾನವೂ ಒಂದೇ ಆಗುತ್ತದೆ. ಆ ಹೊತ್ತಿಗೆ ಇಡೀ ಕ್ಲಾಸು ಎದ್ದು ಕೂತಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ, "ಮೇಡಂ, ಚೀಟಿಗೆ ಸೇನಾಪತಿ ಸಹಿ ಹಾಕಿದ್ರೆ?" ಅಂದ. ಮೇಡಂ ಮುಖ ಅರಳಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಕಲು ಮಾಡಲಾಗದ ಸಹಿ ಇದ್ದರೆ ಮೂವರೇ ಸಾಕು. ಈ ಆಟಕ್ಕೆ ಮೂಲವಾದ ಸಂಶೋಧನಾ ಪ್ರಬಂಧದಲ್ಲಿ ಅದೂ ಇದೆಯಂತೆ. "ನೀನು ಅದನ್ನ ಓದದೇನೇ ಕೇಳಿದೆಯಲ್ಲಾ!" ಎಂದು ಅವನ ಬೆನ್ನು ತಟ್ಟಿದರು.

ಆ ಪ್ರಬಂಧ ಬರೆದವರಲ್ಲೊಬ್ಬರಾದ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ ಅವರ ಹೆಸರನ್ನು ನಾನು ಮೊದಲು ಕೇಳಿದ್ದು ಅವತ್ತೇ. 1941ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು, ಓದಿದ್ದು ಗಣಿತ. ಮಾರ್ಷಲ್ ಪೀಸ್, ರಾಬರ್ಟ್ ಶೋಸ್ಟಾಕ್ ಮತ್ತು ಲ್ಯಾಂಪೋರ್ಟ್ ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಎಂಬ ಸಂಶೋಧನಾ ಸಂಸ್ಥೆಯಲ್ಲಿದ್ದಾಗ, ಅಲ್ಲಿ ನಾಸಾಕ್ಕಾಗಿ ವಿಮಾನ ನಿಯಂತ್ರಿಸುವ ಕಂಪ್ಯೂಟರ್ ವ್ಯವಸ್ಥೆಯೊಂದರ ಕೆಲಸ ನಡೆಯುತ್ತಿತ್ತು. ಒಂದು ಕಂಪ್ಯೂಟರ್ ಕೆಟ್ಟರೂ ವಿಮಾನ ಹಾರುತ್ತಲೇ ಇರಬೇಕು. ಮೂರು ಇಟ್ಟು ಬಹುಮತ ನೋಡಿದರೆ ಮುಗೀತು ಅಂತ ಆಗ ಎಲ್ಲರೂ ನಂಬಿದ್ದರು. ಆದರೆ ಕೆಟ್ಟ ಯಂತ್ರ ಸುಮ್ಮನೆ ನಿಂತುಬಿಡುತ್ತದೆ ಅಂತ ಹೇಳುವ ಹಾಗಿಲ್ಲವಲ್ಲ! ಒಬ್ಬರಿಗೆ ಒಂದು ಅಂಕಿ, ಇನ್ನೊಬ್ಬರಿಗೆ ಬೇರೆ ಅಂಕಿ ಕೊಡಬಹುದು. ಒಂದು ಕೆಟ್ಟರೆ ತಡೆದುಕೊಳ್ಳಲು ನಾಲ್ಕು ಬೇಕು, ಎರಡಕ್ಕೆ ಏಳು, ಮೂರಕ್ಕೆ ಹತ್ತು. ಈ ಲೆಕ್ಕ 1980ರಲ್ಲಿ ಅಚ್ಚಾಯಿತು. ಸೇನಾಪತಿಗಳ ಕಥೆ ಕಟ್ಟಿ ಬರೆದ ಪ್ರಬಂಧ ಬಂದಿದ್ದು 1982ರಲ್ಲಿ. ಕಥೆ ಇದ್ದರೆ ಜನ ನೆನಪಿಟ್ಟುಕೊಳ್ಳುತ್ತಾರೆ ಅಂತ ಲ್ಯಾಂಪೋರ್ಟ್‌ಗೆ ಗೊತ್ತಿತ್ತು. ಮೊದಲು ಅಲ್ಬೇನಿಯಾದ ಸೇನಾಪತಿಗಳು ಅಂತ ಇಟ್ಟಿದ್ದರಂತೆ. ಅಲ್ಬೇನಿಯಾದವರಿಗೆ ನೋವಾದೀತು ಎಂದು ಒಬ್ಬ ಸಹೋದ್ಯೋಗಿ ಎಚ್ಚರಿಸಿದ ಮೇಲೆ, ಎಂದೋ ಅಳಿದುಹೋದ ಬೈಜಾಂಟೈನ್ ಸಾಮ್ರಾಜ್ಯದ ಹೆಸರು ಬಂತು.

ಮುಂದಿನ ವಾರ ಪ್ಯಾಕ್ಸೋಸ್. ಅದು ಗ್ರೀಸ್ ದೇಶದ ಒಂದು ದ್ವೀಪ. ಅಲ್ಲಿನ ಹಳೆಯ ಸಂಸತ್ತಿನ ಕಥೆ ಎಂಬಂತೆ ಲ್ಯಾಂಪೋರ್ಟ್, ಕಂಪ್ಯೂಟರ್‌ಗಳು ಒಮ್ಮತಕ್ಕೆ ಬರುವ ಒಂದು ವಿಧಾನವನ್ನು ಬರೆದರು. ಇಲ್ಲಿ ಸುಳ್ಳು ಹೇಳುವವರಿಲ್ಲ, ಆದರೆ ಸದಸ್ಯರು ಬರುತ್ತಾರೆ, ಹೇಳದೇ ಎದ್ದು ಹೋಗುತ್ತಾರೆ, ಸಂದೇಶಗಳು ದಾರಿಯಲ್ಲಿ ಕಳೆದುಹೋಗುತ್ತವೆ. ಆದರೂ ಎಲ್ಲರ ಲೆಕ್ಕದ ಪುಸ್ತಕದಲ್ಲಿ ಒಂದೇ ತೀರ್ಮಾನ ಇರಬೇಕು. ಮೇಡಂ ಇದನ್ನು ನಮ್ಮೂರ ಪಂಚಾಯಿತಿಗೆ ತಂದರು. "ಐದು ಜನ ಸದಸ್ಯರು. ಇವತ್ತು ಯಾವ ಮೂವರು ಬಂದರೂ, ನಾಳೆ ಯಾವ ಮೂವರು ಬಂದರೂ, ಎರಡೂ ದಿನ ಇದ್ದವರು ಒಬ್ಬರಾದರೂ ಇದ್ದೇ ಇರ್ತಾರೆ, ಅಲ್ವಾ? ಹಿಂದೆ ಏನಾಯ್ತು ಅಂತ ಹೇಳೋಕೆ ಅವರೊಬ್ಬರು ಸಾಕು." ಇಷ್ಟು ಸರಳವಾದ ಮಾತಿನ ಮೇಲೆ ಎಷ್ಟು ದೊಡ್ಡ ಕಟ್ಟಡ ನಿಂತಿದೆ! ಲ್ಯಾಂಪೋರ್ಟ್ ಅದನ್ನು 1990ರಲ್ಲೇ ಸಂಶೋಧನಾ ಪತ್ರಿಕೆಗೆ ಕಳಿಸಿದ್ದರು. ದ್ವೀಪದ ಕಥೆ ತೆಗೆಯಿರಿ ಎಂದರು ಪರಿಶೀಲಕರು. ಅವರು ತೆಗೆಯಲಿಲ್ಲ. ಪ್ರಕಟವಾಗಿದ್ದು 1998ರಲ್ಲಿ. ಇಷ್ಟು ವರ್ಷ ಕಾದರಲ್ಲ ಅಂತ ನನಗೆ ಈಗಲೂ ಆಶ್ಚರ್ಯ. ನಮ್ಮ ಪ್ರಾಜೆಕ್ಟ್ ರಿಪೋರ್ಟು ಸಿದ್ಧಪಡಿಸಿದ ಲೇಟೆಕ್ ಎಂಬ ಬರಹ ಜೋಡಿಸುವ ತಂತ್ರಾಂಶ ಕೂಡ ಅವರದೇ, ಅದರ ಮೊದಲಕ್ಷರ ಅವರ ಹೆಸರಿನದು ಅಂತ ಗೊತ್ತಾಗಿದ್ದು ಆಮೇಲೆ.

ಕೆಲಸಕ್ಕೆ ಸೇರಿದ ಮೂರನೇ ವರ್ಷ, ಒಂದು ರಾತ್ರಿ ಎರಡು ಗಂಟೆಗೆ ಫೋನು. ನಮ್ಮಲ್ಲಿ ಎರಡು ಸರ್ವರ್ ಇದ್ದವು, ಒಂದು ಕೆಲಸಕ್ಕೆ, ಇನ್ನೊಂದು ಬದಲಿಗೆ. ಮೊದಲನೆಯದು ಸತ್ತಿರಲಿಲ್ಲ, ನಿಧಾನವಾಗಿತ್ತು ಅಷ್ಟೆ. ಉತ್ತರ ಬರಲಿಲ್ಲವೆಂದು ಎರಡನೆಯದು ತಾನೇ ಯಜಮಾನ ಅಂದುಕೊಂಡಿತು. ಸ್ವಲ್ಪ ಹೊತ್ತಿಗೆ ಮೊದಲನೆಯದೂ ಚೇತರಿಸಿಕೊಂಡು ಬರೆಯತೊಡಗಿತು. ಎರಡೂ ಬೇರೆ ಬೇರೆ ಲೆಕ್ಕ ಬರೆದವು. ಅವನ್ನು ಸರಿಪಡಿಸಲು ನಮಗೆ ನಾಲ್ಕು ದಿನ ಹಿಡಿಯಿತು. ಸತ್ತದ್ದಕ್ಕೂ ತಡವಾದದ್ದಕ್ಕೂ ಹೊರಗಿನಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಸಂದೇಶ ಎಷ್ಟು ತಡವಾದೀತು ಎಂಬ ಮಿತಿಯೇ ಇಲ್ಲದ ಕಡೆ, ಒಂದೇ ಒಂದು ಯಂತ್ರ ನಿಲ್ಲಬಹುದಾದರೂ ಸಾಕು, ಉಳಿದವು ಒಮ್ಮತಕ್ಕೆ ಬಂದೇ ಬರುತ್ತವೆ ಅನ್ನುವ ಖಾತ್ರಿ ಕೊಡಲು ಆಗುವುದಿಲ್ಲ ಎಂದು ಫಿಶರ್, ಲಿಂಚ್, ಪ್ಯಾಟರ್ಸನ್ ಎಂಬ ಮೂವರು ಸಂಶೋಧಕರು 1985ರಲ್ಲಿ ತೋರಿಸಿದ್ದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅರ್ಥವಾಗಿದ್ದು ಆ ರಾತ್ರಿ. ಮೂರನೇ ಸರ್ವರ್ ಬೇಕು, ಬಹುಮತ ಇಲ್ಲದೆ ಯಾರೂ ಬರೆಯಬಾರದು ಎಂದು ಬೆಳಗಿನ ಮೀಟಿಂಗಿನಲ್ಲಿ ವಿವರಿಸುವಾಗ, ನನ್ನ ಬಾಯಲ್ಲಿ ಬಂದಿದ್ದು ಮೇಡಂ ಹೇಳಿದ ಪಂಚಾಯಿತಿಯೇ.

2014ರ ಮಾರ್ಚಿನಲ್ಲಿ, ಲ್ಯಾಂಪೋರ್ಟ್‌ಗೆ ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ, 2013ರದ್ದು, ಬಂದ ಸುದ್ದಿ ಓದಿ ಮೇಡಂಗೆ ಫೋನ್ ಮಾಡಿದೆ. ಅವರ ದನಿಯಲ್ಲಿ ಮನೆಯವರಿಗೇ ಪ್ರಶಸ್ತಿ ಬಂದಷ್ಟು ಸಂತೋಷ. ಚೀಟಿ ಆಟ ಈಗಲೂ ಆಡಿಸುತ್ತೀರಾ ಅಂತ ಕೇಳಿದೆ.

"ಈಗ ಏಳು ಜನ, ಇಬ್ಬರು ದ್ರೋಹಿಗಳು" ಅಂದರು. "ಚೀಟಿ ಜಾಸ್ತಿ ಬೇಕು. ಎರಡು ಪೀರಿಯಡ್ಡೂ ಸಾಲಲ್ಲ."