ಬ್ಯಾಂಡ್‌ಗೆ ಸೇರಿದರೆ ಏನು ಸಿಗುತ್ತೆ?

ಶಾಲೆಯ ಬ್ಯಾಂಡ್‌ನಲ್ಲಿ ಆರು ವರ್ಷ ಇದ್ದೆ ಅಂತ ನಾನು ಬಾಯಿಬಿಟ್ಟರೆ ಸಾಕು, ಎದುರಿಗಿರುವವರು ಕೇಳುವುದು ಒಂದೇ. "ಮಗಳು ಬ್ಯಾಂಡ್‌ಗೆ ಸೇರ್ತೀನಿ ಅಂತ ಹಟ ಹಿಡಿದಿದ್ದಾಳೆ. ಸೇರಿಸಿದರೆ ಏನು ಲಾಭ?" ಒಂದು ಕ್ಷಣ ತಡೆದು, ಮೆಲ್ಲಗೆ ಇನ್ನೊಂದು ಮಾತು: "ಮಾರ್ಕ್ಸ್ ಜಾಸ್ತಿ ಬರುತ್ತಂತೆ, ಹೌದಾ?"

ಮಾರ್ಕ್ಸಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪುಟ್ಟ ಪ್ರಯೋಗದ ವರದಿ ಬಂತು. 36 ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟ್ ಸಂಗೀತ ಕೇಳಿಸಿದ್ದರು. ಆಕಾರಗಳನ್ನು ಮನಸ್ಸಿನಲ್ಲೇ ಮಡಿಚಿ ತಿರುಗಿಸಿ ನೋಡುವಂಥ ಲೆಕ್ಕಗಳಲ್ಲಿ ಅವರು ಸ್ವಲ್ಪ ಚುರುಕಾದರು. ಕಾಲು ಗಂಟೆಯೊಳಗೆ ಆ ಚುರುಕು ಇಳಿದೂ ಹೋಯಿತು. ಅಷ್ಟಕ್ಕೇ 'ಸಂಗೀತದಿಂದ ಮಕ್ಕಳು ಜಾಣರಾಗುತ್ತಾರೆ' ಅನ್ನುವ ಮಾತು ಜಗತ್ತೆಲ್ಲ ಹಬ್ಬಿತು. 2019ರಲ್ಲಿ ಕೆನಡಾದಿಂದ ಒಂದು ದೊಡ್ಡ ಅಧ್ಯಯನ ಬಂತು. ಲಕ್ಷಕ್ಕೂ ಹೆಚ್ಚು ಮಕ್ಕಳ ಅಂಕ ನೋಡಿದ್ದರು. ವಾದ್ಯ ಕಲಿತವರು ಗಣಿತ, ವಿಜ್ಞಾನದಲ್ಲೂ ಮುಂದಿದ್ದರು. ಆದರೆ ಬ್ಯಾಂಡ್‌ನಿಂದ ಮುಂದೆ ಬಂದರೋ, ಮೊದಲೇ ಚುರುಕಾದ ಮಕ್ಕಳೇ ಬ್ಯಾಂಡ್‌ನಲ್ಲಿ ಉಳಿದುಕೊಂಡರೋ? ಮರು ವರ್ಷ ಇಬ್ಬರು ಸಂಶೋಧಕರು 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹೋಲಿಕೆ ಸರಿಯಾಗಿ ಮಾಡಿದಲ್ಲೆಲ್ಲ ಲಾಭ ಹೆಚ್ಚುಕಡಿಮೆ ಸೊನ್ನೆಗೆ ಬಂದು ನಿಂತಿತ್ತು. ಹಾಗಾಗಿ ಮಾರ್ಕ್ಸಿನ ಆಸೆಗೆ ಸೇರಿಸಬೇಡಿ ಅಂತಲೇ ನಾನು ಹೇಳುವುದು.

ಮತ್ತೆ ಯಾಕೆ ಸೇರಬೇಕು? ನನ್ನದೇ ಒಂದು ಎಡವಟ್ಟು ಹೇಳುತ್ತೇನೆ.

ನನಗೆ ಕೊಟ್ಟಿದ್ದು ಸಿಂಬಲ್. ಅಂದರೆ ಆ ದೊಡ್ಡ ಕಂಚಿನ ತಾಳ. ಟ್ರಂಪೆಟ್ ಬೇಕು ಅಂತ ಆಸೆಪಟ್ಟಿದ್ದೆ, ಸಿಗಲಿಲ್ಲ. ಒಂದು ಪೀಸ್‌ನಲ್ಲಿ ನನ್ನ ಕೆಲಸ ಏನಪ್ಪಾ ಅಂದರೆ, 24 ಬಾರ್, ಅಂದರೆ ಎಣಿಕೆಯ 24 ಸುತ್ತು, ಸುಮ್ನೆ ನಿಲ್ಲುವುದು, 25ನೆಯ ಬಾರ್‌ನ ಮೊದಲ ಪೆಟ್ಟಿಗೆ ಒಂದೇ ಒಂದು ಸಲ ಹೊಡೆಯುವುದು. ಬಾರ್‌ಗೆ ನಾಲ್ಕು ಎಣಿಕೆ. ಒಟ್ಟು 96 ಎಣಿಕೆ ಕೈಕಟ್ಟಿ ನಿಂತ ಹಾಗೆ. ಕಾರ್ಯಕ್ರಮದ ದಿನ ಹದಿನೇಳನೇ ಬಾರ್ ಹೊತ್ತಿಗೆ ಜನರ ನಡುವೆ ಅಮ್ಮ ಕಂಡರು. ಎಣಿಕೆ ತಪ್ಪಿತು. ಅಂದಾಜಿನ ಮೇಲೆ ಹೊಡೆದೆ. ಸರಿಯಾಗಿ ಒಂದು ಬಾರ್ ಮುಂಚೆ! ಎಲ್ಲರೂ ಮೆಲ್ಲಗೆ ನುಡಿಸುತ್ತಿದ್ದ ಜಾಗ ಅದು. ಮುಂದಿನ ಸಾಲಿನಲ್ಲಿದ್ದ ಮಗುವೊಂದು ಬೆಚ್ಚಿ ಅಳತೊಡಗಿತು.

ಮಾಸ್ಟರ್ ಬೈಯಲಿಲ್ಲ. ಸ್ನೇರ್ ಡ್ರಮ್ ಬಾರಿಸುತ್ತಿದ್ದ ಹುಡುಗಿ, ನನಗಿಂತ ಎರಡು ಕ್ಲಾಸ್ ದೊಡ್ಡವಳು, ಎಲ್ಲರಿಗೂ ಅಕ್ಕ, ಮರುದಿನ ಪಕ್ಕದಲ್ಲಿ ಕೂರಿಸಿಕೊಂಡು ಎಣಿಸುವುದು ಹೇಳಿಕೊಟ್ಟಳು. "ಒಂದು-ಎರಡು-ಮೂರು-ನಾಲ್ಕು, ಎರಡು-ಎರಡು-ಮೂರು-ನಾಲ್ಕು, ಮೂರು-ಎರಡು-ಮೂರು-ನಾಲ್ಕು." ಮೊದಲ ಅಂಕಿ ಯಾವ ಬಾರ್ ಅನ್ನುವುದರ ಲೆಕ್ಕ. ಆಮೇಲೆ ಅವಳು ಹೇಳಿದ್ದು ಇನ್ನೂ ಮುಖ್ಯ: "ಎಣಿಕೆ ತಪ್ಪಿದರೆ ಹೆದರಬೇಡ, ಟ್ರಂಬೋನ್ ಕೇಳು. ಅವರು ನಿಲ್ಲಿಸಿದ ಮೇಲೆ ನಾಲ್ಕು ಬಾರ್ ಬಿಟ್ಟು ನಿನ್ನ ಪಾಳಿ."

ಆ ದಿನದವರೆಗೆ ಟ್ರಂಬೋನ್‌ನವರು ಏನು ನುಡಿಸುತ್ತಾರೆ ಅಂತ ನಾನು ಕಿವಿಗೊಟ್ಟು ಕೇಳಿಯೇ ಇರಲಿಲ್ಲ. ನನ್ನ ಪೆಟ್ಟು ಬಂದರೆ ಸಾಕು ಅನ್ನುವವನು. ಬ್ಯಾಂಡ್ ಕೊಡುವುದು ಏನು ಅಂದರೆ ನಾನು ಇದನ್ನೇ ಹೇಳುತ್ತೇನೆ: ನಿನ್ನ ಕೆಲಸ ಮಾಡುತ್ತಲೇ ಪಕ್ಕದವರ ಕೆಲಸ ಕೇಳಿಸಿಕೊಳ್ಳುವ ಅಭ್ಯಾಸ. ಒಬ್ಬರೇ ಕೂತು ವಾದ್ಯ ಕಲಿತರೆ ಬೇರೆ ಎಷ್ಟೋ ಬರುತ್ತೆ. ಇದು ಬರುವುದು ಕಷ್ಟ.

ಶ್ರುತಿ ಮಾಡುವಾಗಲೂ ಇದೇ ಕಥೆ. ಒಬ್ಬನ ಸ್ವರ ಸೆಕೆಂಡಿಗೆ 440 ಕಂಪನ, ಪಕ್ಕದವನದು 442 ಅಂದುಕೊಳ್ಳಿ. ಎರಡೂ ಸೇರಿದಾಗ ಸೆಕೆಂಡಿಗೆ ಎರಡು ಸಲ 'ವ್ವಾ... ವ್ವಾ' ಅಂತ ಸದ್ದು ಏರಿಳಿಯುತ್ತದೆ. ಸ್ವರ ಹತ್ತಿರ ಬಂದ ಹಾಗೆ ಆ ಅಲೆ ನಿಧಾನವಾಗಿ, ಕೊನೆಗೆ ಇಲ್ಲವಾಗುತ್ತದೆ. ಅಲೆ ಕೇಳಿಸಿದಾಗ ತಪ್ಪು ಯಾರದು ಅಂತ ಜಗಳ ಆಡುತ್ತಾ ಕೂತರೆ ಮುಗಿಯುವುದಿಲ್ಲ. ಒಬ್ಬರು ವಾದ್ಯದ ಕೊಳವೆ ಸ್ವಲ್ಪ ಹೊರಗೆ ಎಳೆದು ಶ್ರುತಿ ಇಳಿಸಬೇಕು, ಅಷ್ಟೇ. ಊದುತ್ತಾ ಊದುತ್ತಾ ವಾದ್ಯ ಬಿಸಿಯಾಗಿ ಶ್ರುತಿ ಏರುವುದರಿಂದ ಮತ್ತೆ ಎಳೆಯಬೇಕು.

ಮೈದಾನದಲ್ಲಿ ನಡೆಯುತ್ತಾ ನುಡಿಸುವಾಗ ಇನ್ನೊಂದು ತಮಾಷೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 34 ಮೀಟರ್ ಹಿಂದಿರುವ ಡ್ರಮ್ಮಿನ ಪೆಟ್ಟು ಮುಂದಿನ ಸಾಲಿಗೆ ಮುಟ್ಟಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ನಿಮಿಷಕ್ಕೆ 120 ಹೆಜ್ಜೆಯ ನಡಿಗೆಯಲ್ಲಿ ಇದು ಒಂದು ಪೆಟ್ಟಿನ ಐದನೇ ಒಂದು ಭಾಗ. ಕಿವಿಗೆ ಚೆನ್ನಾಗಿಯೇ ಗೊತ್ತಾಗುತ್ತೆ. ಮುಂದಿನವರು ಹಿಂದಿನ ಡ್ರಮ್ ಕೇಳಿ ನುಡಿಸಿದರೆ ಎದುರಿಗೆ ಕೂತ ಜನಕ್ಕೆ ಎಲ್ಲವೂ ಒಟ್ಟಿಗೆ ಮುಟ್ಟುತ್ತದೆ. ಡ್ರಮ್‌ನವರು ಮಾತ್ರ ಮುಂದಿನವರನ್ನು ಕೇಳಿ ಬಾರಿಸಬಾರದು. ಆ ತಡ ಎರಡು ಪಟ್ಟಾಗುತ್ತದೆ. ಅವರು ನೋಡಬೇಕಾದ್ದು ಎದುರಿಗೆ ನಿಂತು ಬ್ಯಾಂಡ್ ನಡೆಸುವವನ ಕೈ. ಯಾರನ್ನು ಕೇಳಬೇಕು, ಯಾರನ್ನು ಕೇಳಿಯೂ ಕೇಳದ ಹಾಗೆ ಇರಬೇಕು ಅನ್ನುವುದು ನಮಗೆ ಪಾಠದ ಪುಸ್ತಕಕ್ಕಿಂತ ಮೊದಲು ಕಾಲಿಗೆ ಗೊತ್ತಾಯಿತು.

ಉಳಿದ ಲಾಭಗಳು ನಿಮಗೂ ಗೊತ್ತಿರುವಂಥವೇ. ಬೇರೆ ಬೇರೆ ಕ್ಲಾಸಿನ ಗೆಳೆಯರು ಸಿಗುತ್ತಾರೆ. ಜನರ ಮುಂದೆ ನಿಲ್ಲುವ ಅಂಜಿಕೆ ಸ್ವಲ್ಪ ಕಡಿಮೆಯಾಗುತ್ತದೆ. ಆಟದಲ್ಲಿ ಹಿಂದುಳಿದ ಮಗುವಿಗೂ ತಂಡ ಅಂತ ಒಂದು ಇರುತ್ತದೆ. ನನಗೆ ಇದ್ದ ತಂಡ ಅದೊಂದೇ.

ತೊಂದರೆಯೂ ಹೇಳಬೇಕಲ್ವಾ. ಸಮಯ ತಿನ್ನುತ್ತದೆ. ಕಾರ್ಯಕ್ರಮದ ಹಿಂದಿನ ವಾರ ಮನೆಯಲ್ಲಿ ಬೇರೆ ಮಾತೇ ಇರುವುದಿಲ್ಲ. ಇನ್ನು ಸದ್ದು. 85 ಡೆಸಿಬೆಲ್‌ವರೆಗಿನ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು ಅನ್ನುವುದು ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಯೋಶ್ ಸಂಸ್ಥೆಯ ಲೆಕ್ಕ. ಪ್ರತಿ ಮೂರು ಡೆಸಿಬೆಲ್‌ಗೆ ಆ ಅವಧಿ ಅರ್ಧವಾಗುತ್ತಾ ಹೋಗುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು ಕಾಲು ಗಂಟೆ. ಡ್ರಮ್, ಸಿಂಬಲ್ ಹತ್ತಿರ ನಿಲ್ಲುವ ಮಗುವಿಗೆ ಇಯರ್‌ಪ್ಲಗ್ ಕೊಡಿಸಿ. ನಮಗೆ ಯಾರೂ ಕೊಡಿಸಲಿಲ್ಲ. ಸುತ್ತ ಗದ್ದಲ ಇದ್ದರೆ ನಾನು ಈಗಲೂ ಎರಡು ಸಲ "ಹಾಂ?" ಅನ್ನುತ್ತೇನೆ.

"ಅವಳಿಗೆ ಸಂಗೀತದ ಗಂಧವೇ ಇಲ್ಲ, ಪರವಾಗಿಲ್ವಾ?" ಅಂತಲೂ ಕೆಲವರು ಕೇಳುತ್ತಾರೆ. ಪರವಾಗಿಲ್ಲ. ನಾಲ್ಕರವರೆಗೆ ಎಣಿಸಲು ಬಂದರೆ ಶುರು ಮಾಡಬಹುದು. ಕ್ಲಾರಿನೆಟ್ ಕೊಟ್ಟರೆ ಮೊದಲ ತಿಂಗಳು ಮನೆಯಲ್ಲಿ ಬಾತುಕೋಳಿ ಸಾಕಿದ ಹಾಗಿರುತ್ತದೆ. ಬಾಗಿಲು ಹಾಕಿಕೊಳ್ಳಿ. ಮತ್ತೆ, ಕಾರ್ಯಕ್ರಮಕ್ಕೆ ಹೋದರೆ ಸ್ವಲ್ಪ ಹಿಂದಿನ ಸಾಲಿನಲ್ಲೇ ಕೂತುಕೊಳ್ಳಿ. ಅವಳು ಎಣಿಸುತ್ತಿರುತ್ತಾಳೆ.