ಹಿಮಾಚಲದ ಬೀರ್‌ಗೆ ಪ್ಯಾರಾಗ್ಲೈಡಿಂಗ್ ಮಾಡಲು ಹೋಗುವವರಿಗೆ, ಇಳಿಯುವ ಬಗ್ಗೆ ಒಂದಷ್ಟು ಮಾತು

ಇಳಿದು ಐದು ನಿಮಿಷ ಆಗಿತ್ತು. ಗದ್ದೆಯ ಬದುವಿನ ಮೇಲೆ ಕೂತು ನೀರು ಕುಡಿಯುತ್ತಿದ್ದೆ. ಗ್ಲೈಡರ್ ಹಿಂದೆ ಭತ್ತದ ಕೂಳೆಯ ಮೇಲೆ ಹಾಗೇ ಹರಡಿಕೊಂಡು ಬಿದ್ದಿತ್ತು. ತಲೆ ಮೇಲೆ ಸುಯ್ ಅಂತ ಸದ್ದಾಯಿತು. ನಮ್ಮ ಗುಂಪಿನ ಹಿರಿಯ ಪೈಲಟ್ ಒಬ್ಬರು ಸರಸರ ಕೆಳಗೆ ಬಂದು ಪಕ್ಕದ ಗದ್ದೆಗೆ ಇಳಿದರು. ಹಾರ್ನೆಸ್ (ಮೈಗೆ ಕಟ್ಟಿಕೊಳ್ಳುವ ಸೀಟು) ಬಿಚ್ಚಿ ಎಸೆದು ನನ್ನ ಕಡೆ ಓಡಿ ಬಂದರು.

“ಏನಾಯ್ತೋ ಮಾರಾಯ? ಕಾಲಾ, ಬೆನ್ನಾ?”

“ಏನಿಲ್ಲ ಸರ್, ಸುಮ್ನೆ ನೀರು ಕುಡೀತಿದ್ದೆ.”

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ನೆಲದ ಮೇಲೆ ಹರಡಿ ಬಿಟ್ಟ ಗ್ಲೈಡರ್ ಕಂಡರೆ ಮೇಲಿರುವವರು ‘ಪೈಲಟ್‌ಗೆ ಪೆಟ್ಟಾಗಿದೆ’ ಎಂದುಕೊಳ್ಳುತ್ತಾರೆ. ಇಳಿದ ಕೂಡಲೇ ಗ್ಲೈಡರ್ ಬಟ್ಟೆಯನ್ನು ಬಾಚಿ ಮುದ್ದೆ ಮಾಡಿಟ್ಟರೆ ‘ನಾನು ಚೆನ್ನಾಗಿದ್ದೇನೆ, ನೀವು ಹೋಗಿ’ ಅಂತ ಹೇಳಿದ ಹಾಗೆ. ಪುಣೆ ಹತ್ತಿರದ ಕಾಮ್‌ಶೇತ್‌ನಲ್ಲಿ ಪ್ಯಾರಾಗ್ಲೈಡಿಂಗ್ ಕೋರ್ಸ್ ಮಾಡುವಾಗಲೇ ಇದನ್ನು ಹೇಳಿಕೊಟ್ಟಿದ್ದರು. ಮರೆತಿದ್ದೆ. ಅವರಿಗೆ ಆ ದಿನ ಸಿಕ್ಕ ಒಳ್ಳೆಯ ಥರ್ಮಲ್ (ಗ್ಲೈಡರನ್ನು ಮೇಲಕ್ಕೆತ್ತುವ ಬಿಸಿಗಾಳಿ) ನನ್ನ ಒಂದು ಬಾಟಲಿ ನೀರಿಗೆ ಬಲಿಯಾಯಿತು.

ಈಗ ಹೋಗುವ ವಿಷಯ. ಬೀರ್ ಇರುವುದು ಹಿಮಾಚಲದ ಕಾಂಗ್ರಾ ಜಿಲ್ಲೆಯಲ್ಲಿ, ಧೌಲಾಧರ್ ಬೆಟ್ಟಸಾಲಿನ ಬುಡದಲ್ಲಿ. ಹಾರುವುದು ಬಿಲ್ಲಿಂಗ್‌ನಿಂದ, ಸುಮಾರು 2,400 ಮೀಟರ್ ಎತ್ತರ. ಇಳಿಯುವ ಮೈದಾನ ಬೀರ್‌ನಲ್ಲಿ, ಹೆಚ್ಚುಕಡಿಮೆ ಸಾವಿರ ಮೀಟರ್ ಕೆಳಗೆ. ನಡುವೆ 14 ಕಿ.ಮೀ. ತಿರುವಿನ ರಸ್ತೆ, ಟ್ಯಾಕ್ಸಿ ಸಿಗುತ್ತದೆ. 2015ರಲ್ಲಿ ಇಲ್ಲಿ ಪ್ಯಾರಾಗ್ಲೈಡಿಂಗ್ ವರ್ಲ್ಡ್ ಕಪ್ ನಡೆದಿತ್ತು. ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆಗಾಲ ಅಂತ ಹಾರಾಟ ಬಂದ್. ನಾವು ಹೋಗಿದ್ದು ಅಕ್ಟೋಬರ್‌ನಲ್ಲಿ. ಬೆಂಗಳೂರಿನಿಂದ ದಿಲ್ಲಿಗೆ ವಿಮಾನ, ಅಲ್ಲಿಂದ ರಾತ್ರಿ ಬಸ್. ಗ್ಲೈಡರ್, ಹಾರ್ನೆಸ್, ರಿಸರ್ವ್ ಪ್ಯಾರಾಚೂಟ್, ಹೆಲ್ಮೆಟ್ ಎಲ್ಲ ಸೇರಿ ನನ್ನ ಚೀಲ 17 ಕೆ.ಜಿ. ಲಗೇಜ್ ಜಾಸ್ತಿಯಾಗುತ್ತೆ, ಟಿಕೆಟ್ ಮಾಡುವಾಗಲೇ ಹೆಚ್ಚುವರಿ ತೂಕ ಸೇರಿಸಿಕೊಳ್ಳಿ. ಕೌಂಟರಿನಲ್ಲಿ ಕೊಟ್ಟರೆ ಹೊಟ್ಟೆ ಉರಿಯುತ್ತದೆ. ಲೈಸೆನ್ಸ್, ಇನ್ಶೂರೆನ್ಸ್ ಎರಡೂ ಕೈಯಲ್ಲಿರಲಿ. ಇನ್ಶೂರೆನ್ಸ್‌ನಲ್ಲಿ ಹೆಲಿಕಾಪ್ಟರ್ ರಕ್ಷಣೆಯ ಖರ್ಚು ಸೇರಿದೆಯಾ ನೋಡಿಕೊಳ್ಳಿ, ಹಿಂದಿನ ಬೆಟ್ಟಗಳಲ್ಲಿ ಸಿಕ್ಕಿಕೊಂಡರೆ ಬೇರೆ ದಾರಿಯೇ ಇರುವುದಿಲ್ಲ.

ಮೊದಲ ದಿನ ಬಿಲ್ಲಿಂಗ್‌ಗೆ ಹೋಗಲೇಬೇಡಿ. ಬಸ್ಸಿನಲ್ಲಿ ನಿದ್ದೆ ಕೆಟ್ಟಿರುತ್ತದೆ, ಅದು ಒಂದು. ಇನ್ನೊಂದು, ಮಧ್ಯಾಹ್ನ ಮೂರರಿಂದ ಐದರವರೆಗೆ ಲ್ಯಾಂಡಿಂಗ್ ಮೈದಾನದ ಅಂಚಿನಲ್ಲಿ ಚಹಾ ಹಿಡಿದು ಕೂತರೆ ಯಾವ ಕೋರ್ಸೂ ಕಲಿಸದ್ದು ಕಾಣುತ್ತದೆ. ಟ್ಯಾಂಡಮ್‌ಗಳು, ಅಂದರೆ ಪೈಲಟ್ ಜೊತೆ ಇನ್ನೊಬ್ಬರು ಕೂತ ಗ್ಲೈಡರ್‌ಗಳು, ಒಂದರ ಹಿಂದೆ ಒಂದು ಇಳಿಯುತ್ತಿರುತ್ತವೆ. ಮಧ್ಯೆ ಮಕ್ಕಳು, ನಾಯಿ, ಸೆಲ್ಫಿ ತೆಗೆಯುವ ಕುಟುಂಬ. ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಎಲ್ಲಿದೆ, ಕರೆಂಟ್ ತಂತಿ ಎಲ್ಲಿ ಹಾದುಹೋಗಿದೆ, ಅಲ್ಲಿನವರು ಎತ್ತರ ಕಳೆಯಲು ಯಾವ ಮೂಲೆಗೆ ಹೋಗುತ್ತಾರೆ, ಇಷ್ಟನ್ನು ನೋಡಿಕೊಳ್ಳಿ. ಮರುದಿನ ಮೇಲಿಂದ ನೋಡುವಾಗ ತಂತಿ ಕಾಣುವುದಿಲ್ಲ, ಕಂಬ ಮಾತ್ರ ಕಾಣುತ್ತದೆ. ಎರಡು ಕಂಬ ಕಂಡರೆ ನಡುವೆ ತಂತಿ ಇದೆ ಅಂತಲೇ ಲೆಕ್ಕ.

ಇಳಿಯುವಾಗ ಮೈದಾನದ ನೆತ್ತಿಯ ಮೇಲೆ ಗಿರಗಿರ ಸುತ್ತಬೇಡಿ. ಗಾಳಿ ಹೋಗುವ ಕಡೆಯ ಅಂಚಿಗೆ ಸರಿದು, ಆರ್‌ಟಿಒದಲ್ಲಿ ಬೈಕ್ ಲೈಸೆನ್ಸ್‌ಗೆ ಎಂಟು ಹಾಕುತ್ತೇವಲ್ಲ, ಹಾಗೆ ಎಂಟು ಹಾಕುತ್ತಾ ಎತ್ತರ ಕಳೆಯಿರಿ. ಪ್ರತಿ ತಿರುವೂ ಮೈದಾನದ ಕಡೆಗೇ ಇರಲಿ, ಬೆನ್ನು ಹಾಕಬೇಡಿ. ಕೆಳಗಿರುವವರಿಗೆ ದಾರಿ ಮೊದಲು. ಟ್ಯಾಂಡಮ್ ಪಕ್ಕದಲ್ಲಿದ್ದರೆ ಅವರಿಗೇ ಬಿಡಿ. ಅವರ ಮುಂದೆ ಇನ್ನೊಬ್ಬ ಮನುಷ್ಯ ಕೂತಿದ್ದಾನೆ, ಅದು ಅವರ ಅನ್ನದ ಕೆಲಸ ಬೇರೆ. ಕೊನೆಗೆ ಗಾಳಿಗೆ ಎದುರಾಗಿ ನೇರ ಬನ್ನಿ. ಕಾಲು ಕೆಳಗೆ ಬಿಟ್ಟು ಬೇಗನೇ ನೆಟ್ಟಗಾಗಿ. ಸೀಟಿನಲ್ಲಿ ಕೂತೇ ನೆಲ ಮುಟ್ಟಿದರೆ ಪೆಟ್ಟು ಬೆನ್ನುಮೂಳೆಗೆ.

ಇಲ್ಲೊಂದು ತಪ್ಪನ್ನು ಹೊಸಬರೆಲ್ಲ ಮಾಡುತ್ತಾರೆ, ನಾನೂ ಮಾಡಿದ್ದೇನೆ. ನೆಲ ಹತ್ತಿರ ಬಂತು ಅಂತ ಹೆದರಿ ಎರಡೂ ಕೈಯಲ್ಲಿರುವ ಬ್ರೇಕ್ ದಾರಗಳನ್ನು ಕೆಳಗೆ ಎಳೆದುಕೊಂಡೇ ಬರುವುದು. ನೆಲದ ಹತ್ತಿರ ಗಾಳಿಯ ವೇಗ ಕಡಿಮೆ. ಮೊದಲೇ ನಿಧಾನವಾಗಿದ್ದ ಗ್ಲೈಡರ್ ಅಲ್ಲಿ ಧೊಪ್ಪೆಂದು ಕೂರುತ್ತದೆ. ಕೈ ಮೇಲಿರಲಿ, ವೇಗ ಇರಲಿ. ಪಾದ ಸೊಂಟದೆತ್ತರದಲ್ಲಿ ಬಂದಾಗ ಎರಡೂ ಬ್ರೇಕ್ ಪೂರ್ತಿ ಎಳೆಯಿರಿ. ಬೇಗ ಎಳೆದು ಗ್ಲೈಡರ್ ಮೇಲಕ್ಕೆ ಎದ್ದರೆ ಗಾಬರಿಯಲ್ಲಿ ಕೈ ಬಿಟ್ಟುಬಿಡಬೇಡಿ, ಅದು ಮುಂದಕ್ಕೆ ಹಾರಿ ನಿಮ್ಮನ್ನು ಕೆಡವುತ್ತದೆ. ಅಲ್ಲೇ ಹಿಡಿದು, ಕಾಲು ಜೋಡಿಸಿ, ಮಂಡಿ ಸಡಿಲ ಬಿಟ್ಟು ಉರುಳಲು ತಯಾರಾಗಿ.

ಇಳಿದ ಮೇಲೆ ವಿಡಿಯೋ, ಫೋನ್, ಖುಷಿ ಎಲ್ಲ ಆಮೇಲೆ. ಹಿಂದೆ ಯಾರು ಬರುತ್ತಿದ್ದಾರೆ ನೋಡಿ, ಗ್ಲೈಡರ್ ಬಾಚಿ ಹೆಗಲಿಗೆ ಹಾಕಿಕೊಂಡು ಅಂಚಿಗೆ ಹೋಗಿ. ಮಡಚುವುದು ಅಲ್ಲಿ.

ಮೈದಾನ ತಲುಪದೆ ಗದ್ದೆಗೆ ಇಳಿಯಬೇಕಾದರೆ ಕೊಯ್ಲಾದ ಗದ್ದೆಯನ್ನೇ ಆರಿಸಿಕೊಳ್ಳಿ, ಬದುವಿನ ಮೇಲೇ ನಡೆಯಿರಿ. ನಾನು ನೀರು ಕುಡಿದ ಆ ಗದ್ದೆಯ ಪಕ್ಕದಲ್ಲಿ ಒಬ್ಬ ಹೆಂಗಸು ಹುಲ್ಲು ಕೊಯ್ಯುತ್ತಿದ್ದರು. ನನ್ನ ದಾರಗಳು ಕೂಳೆಗೆ ಸಿಕ್ಕಿಕೊಂಡಿದ್ದವು. ನಾನು ಎಳೆಯಲು ಹೋದೆ. ಆಕೆ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿ ಬಂದು, ಕೂದಲಿನ ಸಿಕ್ಕು ಬಿಡಿಸುವ ಹಾಗೆ ಒಂದೊಂದೇ ದಾರ ಬಿಡಿಸಿಕೊಟ್ಟರು. ಪಹಾಡಿಯಲ್ಲಿ ಏನೋ ಅಂದರು, ಅರ್ಥವಾಗಲಿಲ್ಲ, ನಗುತ್ತಿದ್ದರು. ಎಲ್ಲರೂ ನಗುವುದಿಲ್ಲ. ಬೆಳೆ ಹಾಳಾದರೆ ಕ್ಷಮೆ ಕೇಳಿ, ದುಡ್ಡು ಕೊಟ್ಟು ಬನ್ನಿ. ನಿಮ್ಮ ಹಿಂದೆ ಬರುವವನೂ ಅದೇ ಗದ್ದೆಗೆ ಇಳಿಯಬೇಕಲ್ವಾ?

ಆಮೇಲೆ ಗುಂಪಿಗೆ ಮೆಸೇಜ್: ಇಳಿದೆ, ಕ್ಷೇಮ, ಲೊಕೇಶನ್. ಇಷ್ಟೇ. ನಮ್ಮಲ್ಲಿ ಒಬ್ಬ ಇಳಿದು, ರೂಮಿಗೆ ಹೋಗಿ, ಸ್ನಾನ ಮಾಡಿ ಮಲಗಿಬಿಟ್ಟಿದ್ದ. ಕತ್ತಲಾಗುವವರೆಗೆ ಅವನ ಹೆಸರು ರೇಡಿಯೋದಲ್ಲಿ ಕೂಗಿದ್ದೇ ಕೂಗಿದ್ದು.

ನನ್ನ ನೀರಿನ ಪ್ರಸಂಗದ ದಿನ ಸಂಜೆ ಟಿಬೆಟನ್ ಕಾಲನಿಯಲ್ಲಿ ಏಳು ಜನರ ತುಕ್ಪಾ (ನೂಡಲ್ಸ್ ಸೂಪ್) ಬಿಲ್ ನಾನೇ ಕೊಟ್ಟೆ. ಕೊಡು ಅಂತ ಯಾರೂ ಹೇಳಲಿಲ್ಲ. ಹಿರಿಯರು ಮಾತ್ರ ಎರಡನೇ ಪ್ಲೇಟ್ ಮೊಮೊ ಹೇಳುವ ಮುಂಚೆ ಒಮ್ಮೆ ನನ್ನ ಮುಖ ನೋಡಿ, “ಜೊತೆಗೆ ಒಂದು ಬಾಟಲಿ ನೀರೂ ಹೇಳಪ್ಪ” ಅಂದರು.