ಹಿಡಿ ಅಕ್ಕಿ ಡಬ್ಬಿ: ಯುಗಾದಿಯಿಂದ ಶ್ರಾವಣದವರೆಗೆ

ತಿಂಗಳಿಗೊಮ್ಮೆ ಖಾತೆಯಿಂದ ತಾನಾಗಿಯೇ ಕಡಿತವಾಗುವ ದೇಣಿಗೆ ಈಗಲೂ ಇದೆ. ಹೊಸ ತೆರಿಗೆ ಪದ್ಧತಿಗೆ ಹೋದ ಮೇಲೆ ಅದಕ್ಕೆ ದೇಣಿಗೆಯ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಆದರೂ ನಿಲ್ಲಿಸಿಲ್ಲ. ಆದರೆ ಅದರಲ್ಲಿ ನನ್ನ ಕೈಗೆ ಕೆಲಸವೇ ಇಲ್ಲ. ಮೆಸೇಜು ಬಂದಾಗ ನೆನಪಾದರೆ ಆಯಿತು. ಹಾಗಾಗಿ ಯುಗಾದಿಗೆ ಅಜ್ಜಿ ಕಾಲದ ಹಿಡಿ ಅಕ್ಕಿಯನ್ನು ಮತ್ತೆ ಶುರುಮಾಡಿದೆ. ಅನ್ನಕ್ಕೆ ಅಳೆದ ಅಕ್ಕಿಯಿಂದಲೇ, ತೊಳೆಯುವ ಮುಂಚೆ, ಒಂದು ಹಿಡಿ ಬೇರೆ ಡಬ್ಬಿಗೆ. ಹೆಚ್ಚಿಗೆ ಅಳೆದುಕೊಂಡು ತೆಗೆಯುವಂತಿಲ್ಲ. ಆ ಹೊತ್ತಿನ ಊಟದಲ್ಲಿ ಅಷ್ಟು ಕಮ್ಮಿಯಾಗಲೇಬೇಕು.

ನನ್ನ ಹಿಡಿ ತೂಗಿದರೆ 45 ಗ್ರಾಂ ಆಸುಪಾಸು.

“ಸೊಸೈಟಿ ಅಕ್ಕಿ ಹಾಕಿದ್ರೂ ನಡೆಯುತ್ತೆ” ಅಂದರು ನಮ್ಮ ಯಜಮಾನರು. ಹಾಲು ಬತ್ತಿದ ಹಸುಗಳನ್ನೆಲ್ಲ ದಾನಕ್ಕೆ ಹೊಡೆದ, ಕಠೋಪನಿಷತ್ತಿನ ನಚಿಕೇತನ ಅಪ್ಪನ ಕಥೆ ಹೇಳಿದೆ. ಸುಮ್ಮನಾದರು. ನಾವು ಉಣ್ಣುವ ಸೋನಾ ಮಸೂರಿಯೇ ಹೋಗುತ್ತಿದೆ. ಮಳೆ ಹಿಡಿದ ಮೇಲೆ ಹುಳು ಬಿತ್ತು. ಒಣಗಿಸಿದ ಬೇವಿನ ಸೊಪ್ಪು, ನಾಲ್ಕು ಒಣಮೆಣಸಿನಕಾಯಿ ಹಾಕಿದ್ದೇನೆ.

ಡಬ್ಬಿ ತುಂಬಿದಾಗ ಸಿದ್ಧಗಂಗೆ ಮಠಕ್ಕೆ ಒಪ್ಪಿಸಿ ಬಂದೆ. ತುಮಕೂರಿನವರಿಗೆ ಹತ್ತಿರ, ಅದೂ ಒಂದು ಕಾರಣ. ಸಾವಿರಾರು ಮಕ್ಕಳು ಉಣ್ಣುವ ದಾಸೋಹ. ಅಲ್ಲಿಗೆ ಮೂಟೆಗಟ್ಟಲೆ ದವಸ ಬರುತ್ತದೆ. ಅದರ ಮುಂದೆ ನನ್ನ ಕೈಚೀಲ ಯಾರ ಲೆಕ್ಕಕ್ಕೂ ಇಲ್ಲ. ಅದು ಹಿತವೆನಿಸಿತು ಅಂತ ಬರೆಯುವಾಗಲೇ, ಇದನ್ನೆಲ್ಲ ನಾಲ್ಕು ಜನಕ್ಕೆ ಹೇಳುತ್ತಿದ್ದೇನಲ್ಲ ಅನ್ನುವ ಮುಜುಗರವೂ ಇದೆ.

ಶ್ರಾವಣದಲ್ಲಿ ಮಾತ್ರ ಲೆಕ್ಕ ತಿರುಗಿತು. ಮನೆದೇವರು ತಿರುಪತಿ ತಿಮ್ಮಪ್ಪ. ಶನಿವಾರ ಮಿಂದು, ನಾಮ ಇಟ್ಟುಕೊಂಡು, ಚೊಂಬಿಗೆ ತುಳಸಿ ಕಟ್ಟಿ, ಗೋವಿಂದಾ ಗೋವಿಂದ ಅನ್ನುತ್ತಾ ಮನೆಮನೆಗೆ ಹೋಗಿ ಪಡಿ, ಅಂದರೆ ಭಿಕ್ಷೆಯ ಅಕ್ಕಿ, ಬೇಡಬೇಕು, ಎಷ್ಟೇ ಅನುಕೂಲಸ್ಥರಾದರೂ. ನಮ್ಮಲ್ಲಿ ಗಂಡುಮಕ್ಕಳು ಹೋಗುವುದು ರೂಢಿ, ಈ ಸಲ ಮಗನ ಜೊತೆ ನಾನೂ ಹೊರಟೆ. ಒಂದು ಬಾಗಿಲಲ್ಲಿ ಹುಡುಗನೊಬ್ಬ ಫೋನಿನಿಂದ ತಲೆ ಎತ್ತದೆ, “ಯುಪಿಐ ಇದೆಯಾ ಆಂಟಿ?” ಅಂದ. ಇನ್ನೊಂದು ಮನೆಯ ಅಜ್ಜಿ ಮೊರದ ತುಂಬ ಅಕ್ಕಿ ತಂದು, ಚೊಂಬಿಗೆ ನಮಸ್ಕಾರ ಮಾಡಿ ಸುರಿದರು. ಬಾಗಿಲು ತೆರೆಯುವವರೆಗೆ ನಿಲ್ಲುವುದಿದೆಯಲ್ಲ, ಅದು ಕಷ್ಟ. ಕೊಟ್ಟವರ ಕೈ ಎಷ್ಟು ದೊಡ್ಡದು ಅಂತ ನನ್ನ ಕಣ್ಣು ಅಳೆಯುತ್ತಲೇ ಇತ್ತು. ಡಬ್ಬಿಗೆ ಹಾಕುವಾಗ ಇದ್ಯಾವುದೂ ಗೊತ್ತಾಗಿರಲಿಲ್ಲ.

ಎಡೆಗೆ ಬೇಕಾದ್ದಕ್ಕಿಂತ ಹೆಚ್ಚೇ ಬಂತು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬದುಕುತ್ತಿದ್ದ ಶರಣ ಮಾರಯ್ಯ ಒಂದು ದಿನ ದಿನದ ಪಾಲಿಗಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಇಷ್ಟೇಕೆ ಎಂದು ವಾಪಸ್ ಕಳಿಸಿದಳು. ನಾನು ಉಳಿದದ್ದನ್ನು ಡಬ್ಬಿಗೆ ಸುರಿಯಲು ಹೊರಟಿದ್ದೆ. ಅತ್ತೆ ತಡೆದರು. “ಊರವರ ಅಕ್ಕಿ ತಂದು ನಿನ್ನ ದಾನ ಮಾಡ್ತೀಯಾ?” ಎಲ್ಲವನ್ನೂ ಪುಳಿಯೋಗರೆ ಮಾಡಿ, ಎಡೆ ಇಟ್ಟು, ಪಡಿ ಹಾಕಿದ ಮನೆಗಳಿಗೇ ಹಂಚಿದೆವು, ಯುಪಿಐ ಹುಡುಗನ ಮನೆಗೂ.

ಮುಂದೆ: ಸುಗ್ಗಿಯಾದ ಮೇಲೆ ರಾಗಿಗೂ ಒಂದು ಡಬ್ಬಿ. ಮುದ್ದೆಗೆ ಹಿಟ್ಟೇ ಅಳೆಯುವುದರಿಂದ ಹಿಡಿ ತೆಗೆಯುವುದು ಯಾವಾಗ, ಬೀಸಿಸಲು ಗಿರಣಿಗೆ ಹೊರಡುವಾಗಲೋ, ಮುದ್ದೆ ತಿರುವುವ ಮುಂಚೆಯೋ, ಇನ್ನೂ ತೀರ್ಮಾನವಾಗಿಲ್ಲ. ಹಿಟ್ಟು ಬೇಗ ಕೆಡುತ್ತದೆ, ಆದ್ದರಿಂದ ಕಾಳೇ ಸರಿ ಅನ್ನುತ್ತಾರೆ ಅತ್ತೆ.